ನಾಲ್ಕು ವರ್ಷ ಬಾಡಿಗೆ, ಹತ್ತು ತಿಂಗಳು ಕಾಗದ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಗೇಟಿಗೆ ‘ಮಾರಾಟಕ್ಕಿದೆ’ ಬೋರ್ಡ್ ಕಟ್ಟಿದ ದಿನ ಸಂಜೆಯೊಳಗೆ ಹನ್ನೊಂದು ಫೋನ್ ಬಂದವು. ಒಂಬತ್ತು ಬ್ರೋಕರ್‌ಗಳದು. ‘ಮಧ್ಯವರ್ತಿಗಳು ದಯವಿಟ್ಟು ಫೋನ್ ಮಾಡಬೇಡಿ’ ಅಂತ ಕೆಂಪು ಅಕ್ಷರದಲ್ಲೇ ಬರೆಸಿದ್ದೆ. “ಅದನ್ನ ನೋಡಿದೆ ಮೇಡಂ, ಆದ್ರೂ ಒಂದು ಮಾತು ಕೇಳೋಣ ಅಂತ” ಎನ್ನುತ್ತಿದ್ದರು. ಹತ್ತನೆಯವರು “ಸಾರ್‌ಗೆ ಕೊಡಿ” ಎಂದರು. ಯಾವ ಸಾರ್ ಎಂದೆ. “ಮನೆ ಓನರ್ರು.” ನಾನೇ ಎಂದಿದ್ದಕ್ಕೆ ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟರು. ಹನ್ನೊಂದನೆಯದು ಪಕ್ಕದ ಬೀದಿಯ ಆಂಟಿಯದು. “ಏನಮ್ಮಾ, ಮಾರ್ತಿದ್ದೀರಂತೆ, ನಮಗೆ ಒಂದು ಮಾತೂ ಹೇಳ್ಲಿಲ್ಲ.”

ಆ ಮನೆಯ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಪ್ಪ ಮೇಷ್ಟ್ರಾಗಿದ್ದರು. 1983ರಲ್ಲಿ, ಆಗ ಊರಿನ ಸೈಟು ಹಂಚುತ್ತಿದ್ದ ಸಿಐಟಿಬಿಯಿಂದ 30-40 ಸೈಟು ಸಿಕ್ಕಿತ್ತು. ನಗರಾಭಿವೃದ್ಧಿ ಪ್ರಾಧಿಕಾರ ಮುಡಾ ಇನ್ನೂ ಹುಟ್ಟಿರಲಿಲ್ಲ, ಅದು ಬಂದಿದ್ದು 1988ರಲ್ಲಿ. ಸಹಕಾರಿ ಸಂಘವೊಂದರಲ್ಲಿ ಸಾಲ ಮಾಡಿ 1989ರಲ್ಲಿ ಕೆಳಗಡೆ ಮನೆ ಕಟ್ಟಿಸಿದರು. 1997ರಲ್ಲಿ ಮೇಲೊಂದು ಚಿಕ್ಕ ಮನೆ ಎಬ್ಬಿಸಿದರು. 2020ರಲ್ಲಿ ಅಪ್ಪ ಹೋದರು. ಅಮ್ಮನನ್ನು ಬೆಂಗಳೂರಿಗೆ ನಮ್ಮ ಮನೆಗೆ ಕರೆದುಕೊಂಡು ಬಂದೆ. ಅಣ್ಣ ಹುಬ್ಬಳ್ಳಿಯಲ್ಲಿದ್ದಾನೆ. ಮೈಸೂರಿಗೆ ವಾಪಸ್ ಹೋಗುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮೊದಲ ಏಳು ತಿಂಗಳು ಬೀಗ ಹಾಕಿ ಇಟ್ಟಿದ್ದೆವು. ಅದು ಮೊದಲ ತಪ್ಪು. ಸಂಪಿನ ಮೋಟರ್ ಜಾಮ್ ಆಗಿತ್ತು. ದೇವರ ಮನೆ ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಹಿತ್ತಲಲ್ಲಿ ಸೊಂಟದೆತ್ತರ ಪಾರ್ಥೇನಿಯಂ. ಮನೆ ಖಾಲಿ ಬಿಟ್ಟರೆ ಜನ ಇದ್ದಾಗಿನಕ್ಕಿಂತ ಬೇಗ ಹಾಳಾಗುತ್ತದೆ ಅಂತ ಅಮ್ಮ ಹೇಳುತ್ತಲೇ ಇದ್ದರು. 2021ರಲ್ಲಿ ಬಾಡಿಗೆಗೆ ಕೊಟ್ಟೆವು.

ಮೊದಲನೇ ಸಲ ಬ್ರೋಕರ್ ಮೂಲಕವೇ ಹೋದೆ. ನಮ್ಮಿಂದ ಒಂದು ತಿಂಗಳ ಬಾಡಿಗೆ, ಬಂದವರಿಂದ ಒಂದು ತಿಂಗಳ ಬಾಡಿಗೆ ತೆಗೆದುಕೊಂಡರು. ಕೆಳಗಿನ ಮನೆಗೆ 16,000 ಬಾಡಿಗೆ, ಐದು ತಿಂಗಳ ಅಡ್ವಾನ್ಸ್. ಬೆಂಗಳೂರಿನ ಹಾಗೆ ಹತ್ತು ತಿಂಗಳು ಕೇಳಿದರೆ ಅಲ್ಲಿ ಮುಖ ನೋಡಿ ನಗುತ್ತಾರೆ. ಬಂದವರು ಬ್ಯಾಂಕ್ ಉದ್ಯೋಗಿ, ಹೆಂಡತಿ, ಇಬ್ಬರು ಮಕ್ಕಳು. ಚಿನ್ನದಂಥ ಜನ. ಹಾಗಾಗಿ ಬಾಡಿಗೆ ಕೊಡೋದು ಬಹಳ ಸುಲಭ ಅಂತ ನನಗೆ ಜಂಬ ಬಂತು. ಮೇಲಿನ ಮನೆಗೆ ನಾನೇ ಜನ ಹುಡುಕಿದೆ.

“ಗಂಡ ಹೆಂಡತಿ ಇಬ್ಬರೇ ಮೇಡಂ” ಎಂದರು ಬಂದವರು. ಹೆಂಡತಿಯನ್ನು ಕರೆದುಕೊಂಡೂ ಬಂದಿದ್ದರು. ಇಂಟರ್ನೆಟ್ಟಿನಲ್ಲಿ ಸಿಕ್ಕ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಹೆಸರು ತುಂಬಿಸಿ, ಇ-ಸ್ಟ್ಯಾಂಪ್ ಪೇಪರ್ ಮೇಲೆ ಪ್ರಿಂಟ್ ತೆಗೆಸಿ ಸಹಿ ಹಾಕಿಸಿದೆ. (ಒಂದು ವರ್ಷಕ್ಕಿಂತ ಜಾಸ್ತಿ ಅವಧಿ ಬರೆದರೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಎಲ್ಲರೂ ಹನ್ನೊಂದೇ ಬರೆಯೋದು.) ನಾಲ್ಕು ತಿಂಗಳಾಗಿರಬೇಕು, ಕೆಳಗಿನ ಮನೆಯವರು ಫೋನ್ ಮಾಡಿ ಸಂಪಿನ ನೀರು ಎರಡು ದಿನಕ್ಕೆ ಖಾಲಿಯಾಗುತ್ತಿದೆ ಎಂದರು. ಸೋರುತ್ತಿರಬೇಕು ಅಂತ ಪ್ಲಂಬರ್ ಕಳಿಸಿದೆ. ಎಲ್ಲೂ ಸೋರುತ್ತಿರಲಿಲ್ಲ. ಆಮೇಲೆ ಪಕ್ಕದ ಬೀದಿಯ ಆಂಟಿ ಫೋನ್: “ನಿಮ್ಮ ಮಹಡಿ ಮೇಲೆ ಎಷ್ಟು ಜನ ಇದ್ದಾರೆ ಅಂತ ನಿನಗಾದ್ರೂ ಗೊತ್ತಾ?”

ಶನಿವಾರ ಬೆಳಗಿನ ರೈಲು ಹತ್ತಿ ಹೇಳದೆ ಕೇಳದೆ ಹೋದೆ. ಬಾಗಿಲು ತೆಗೆದವನನ್ನು ನಾನು ನೋಡಿಯೇ ಇರಲಿಲ್ಲ. ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ಹಾಸಿಗೆ. ಬಚ್ಚಲ ಕಿಟಕಿಯಲ್ಲಿ ಕತ್ತು ಕತ್ತರಿಸಿದ ನೀರಿನ ಬಾಟಲಿ, ಅದರಲ್ಲಿ ಏಳು ಟೂತ್ ಬ್ರಷ್. ನಿಂತು ಎರಡು ಸಲ ಎಣಿಸಿದೆ. ಅಗ್ರಿಮೆಂಟ್ ಮಾಡಿಕೊಂಡವರು ಸಂಜೆ ಬಂದು “ಎಲ್ಲ ನಮ್ಮ ಚಿಕ್ಕಪ್ಪನ ಮಕ್ಕಳು ಮೇಡಂ” ಎಂದರು. ಏಳು ಜನ ಚಿಕ್ಕಪ್ಪನ ಮಕ್ಕಳಲ್ಲಿ ಒಬ್ಬರಿಗೆ ಇನ್ನೊಬ್ಬರ ಊರು ಗೊತ್ತಿರಲಿಲ್ಲ. ತಲೆಗೆ ಇಷ್ಟು ಅಂತ ವಸೂಲಿ ಮಾಡಿ, ನಮಗೆ 9,000 ಕೊಡುತ್ತಿದ್ದರು.

ಕೂಗಾಡಬೇಕು ಅನ್ನಿಸಿತು. ಆದರೆ ನಾನು ತಂದಿದ್ದ ಅಗ್ರಿಮೆಂಟ್ ತೆಗೆದು ಓದಿದರೆ, ಒಳಬಾಡಿಗೆ ಕೊಡಬಾರದು ಅನ್ನೋ ಸಾಲೇ ಅದರಲ್ಲಿ ಇರಲಿಲ್ಲ. ಯಾರ್ಯಾರು ವಾಸ ಇರುತ್ತಾರೆ ಅನ್ನೋದೂ ಇರಲಿಲ್ಲ. ಪಾಪ ಆ ಹುಡುಗರದೇನೂ ತಪ್ಪಿಲ್ಲ, ಪರೀಕ್ಷೆಗೆ ಓದಿಕೊಳ್ಳುತ್ತಿದ್ದರು. ಕೊನೆಗೆ ಆ ತಿಂಗಳ ಬಾಡಿಗೆ ಬೇಡ, ಅಡ್ವಾನ್ಸ್ ಪೂರ್ತಿ ವಾಪಸ್ ಕೊಡುತ್ತೇನೆ, ಇಪ್ಪತ್ತು ದಿನದಲ್ಲಿ ಖಾಲಿ ಮಾಡಿ ಎಂದೆ. ಮಾಡಿದರು. ಅಣ್ಣ “ನೀನು ತುಂಬಾ ಮೆತ್ತಗೆ” ಅಂತ ಬೈದ. ಕೋರ್ಟಿಗೆ ಹೋಗಿದ್ದರೆ ನಾನಿನ್ನೂ ಮೈಸೂರು ರೈಲಿನಲ್ಲೇ ಓಡಾಡುತ್ತಿರುತ್ತಿದ್ದೆ.

ಅದಾದ ಮೇಲೆ ನನ್ನದೇ ಒಂದು ಅಗ್ರಿಮೆಂಟ್ ಆಯಿತು. ವಾಸ ಇರುವವರ ಹೆಸರು, ವಯಸ್ಸು, ಆಧಾರ್ ನಕಲು. ಒಳಬಾಡಿಗೆ ಇಲ್ಲ. ಹನ್ನೊಂದು ತಿಂಗಳಾದ ಮೇಲೆ ಶೇ. 5 ಜಾಸ್ತಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ. ಎರಡೂ ಕಡೆಯಿಂದ ಎರಡು ತಿಂಗಳ ನೋಟಿಸ್. ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡೋದು. ಬಾಡಿಗೆ ನಗದಾಗಿ ತಗೊಳ್ಳೋದೇ ಇಲ್ಲ, ಅಮ್ಮನ ಖಾತೆಗೇ ಹಾಕಬೇಕು. ಇದರ ಜೊತೆ ಒಂದು ಹಳೇ ನೋಟ್ ಬುಕ್: ಕೀ ಕೊಡುವ ದಿನ ಕರೆಂಟ್ ಮೀಟರ್, ನೀರಿನ ಮೀಟರ್ ರೀಡಿಂಗ್, ಪ್ರತಿ ಕೋಣೆಯ ಫೋಟೊ. ಫ್ಯಾನು ಎಷ್ಟು, ಟ್ಯೂಬ್‌ಲೈಟ್ ಎಷ್ಟು, ಗೀಸರ್ ಯಾವ ಕಂಪನಿದು. ಅವರೂ ಸಹಿ ಮಾಡಬೇಕು. ಎರಡು ಸಲ ಜಗಳ ಬರುವುದರಲ್ಲಿತ್ತು. ಎರಡೂ ಸಲ ನೋಟ್ ಬುಕ್ ತೆರೆದಿದ್ದಷ್ಟೇ, ಮಾತು ಅಲ್ಲಿಗೇ ನಿಂತಿತು.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇನ್ನೊಂದು ಸೇರಿಕೊಂಡಿತು. ಕರೆಂಟ್ ಬಿಲ್ಲು ಅಪ್ಪನ ಹೆಸರಲ್ಲೇ ಇದ್ದರೂ ಬಾಡಿಗೆದಾರರು ತಮ್ಮ ಆಧಾರ್ ಅನ್ನು ನಮ್ಮ ಕರೆಂಟ್ ಸಂಪರ್ಕದ ಆರ್‌ಆರ್ ನಂಬರಿಗೆ ಜೋಡಿಸಿಕೊಳ್ಳಬಹುದು. ಒಳ್ಳೆಯದೇ. ಆದರೆ ಅವರು ಖಾಲಿ ಮಾಡಿ ಹೋದರೂ ಆಧಾರ್ ಅಲ್ಲೇ ಅಂಟಿಕೊಂಡಿರುತ್ತದೆ. ಮೇಲಿನ ಮನೆಗೆ ಹೊಸದಾಗಿ ಬಂದ ಲೆಕ್ಚರರ್ ದಂಪತಿಗೆ ಎಷ್ಟು ತಿಂಗಳು ಪೂರ್ತಿ ಬಿಲ್ ಬಂತೋ. ಆ ಜೋಡಣೆ ಬಿಡಿಸುವ ವ್ಯವಸ್ಥೆ ಆಮೇಲೆ, 2024ರಲ್ಲಿ ಬಂತು. ಅಂದಿನಿಂದ ಅಡ್ವಾನ್ಸ್ ವಾಪಸ್ ಕೊಡುವ ಮುಂಚೆ ನಾನು ಕೇಳುವ ಮೊದಲ ಪ್ರಶ್ನೆ, ಆಧಾರ್ ಬಿಡಿಸಿದ್ರಾ?

2024ರ ಕೊನೆಗೆ ಅಮ್ಮನೇ ಮಾತು ತೆಗೆದರು. ಅವರ ಮಂಡಿ ಆಪರೇಷನ್ ಆಗಿತ್ತು. “ನನ್ನ ಕಾಲದಲ್ಲೇ ಮಾರಿ ಮೂರು ಭಾಗ ಮಾಡಿಬಿಡಿ. ಆಮೇಲೆ ನೀವಿಬ್ಬರೂ ಮಾತು ಬಿಡೋದು ಬೇಡ.” ಅಪ್ಪ ವಿಲ್ ಬರೆದಿರಲಿಲ್ಲ. ಸ್ವಯಾರ್ಜಿತ ಆಸ್ತಿ, ಹಾಗಾಗಿ ಅಮ್ಮ, ಅಣ್ಣ, ನಾನು ಮೂವರಿಗೂ ಸಮಪಾಲು. ಅಣ್ಣ ಕ್ಯಾತೆ ತೆಗೆಯಲಿಲ್ಲ. ಅಷ್ಟರಮಟ್ಟಿಗೆ ನಾವು ಪುಣ್ಯವಂತರು.

ಇಲ್ಲಿಂದ ನನ್ನ ದೊಡ್ಡ ತಪ್ಪು ಶುರು. ನಾನು ಮೊದಲು ಬೋರ್ಡ್ ಬರೆಸಿದೆ. ಮೊದಲು ತೆರೆಯಬೇಕಾಗಿದ್ದು ಅಪ್ಪನ ಗಾದ್ರೇಜ್ ಬೀರುವಿನ ಕೆಳಗಿನ ಖಾನೆಯ ಹಸಿರು ಫೈಲು.

ಫೋಟೊ ಹಾಕಿದ ಎರಡನೇ ವಾರವೇ ಒಬ್ಬರು ಬಂದು ಮನೆ ಒಪ್ಪಿದರು. “ಖಾತಾ ಯಾರ ಹೆಸರಲ್ಲಿದೆ?” ಎಂದರು. ಅಪ್ಪನ ಹೆಸರಲ್ಲಿ. “ಇ-ಖಾತಾ?” ಇಲ್ಲ. “ಇಸಿ ತೆಗೆಸಿದ್ದೀರಾ?” ಇಲ್ಲ. ಅವರು ಕಾಫಿ ಕುಡಿದು, ಅಮ್ಮನಿಗೆ ನಮಸ್ಕಾರ ಮಾಡಿ ಹೋದರು. ಮತ್ತೆ ಬರಲಿಲ್ಲ. ಬೋರ್ಡ್ ಬಿಚ್ಚಿಸಿ ಒಳಗಿಟ್ಟೆ. ಮುಂದಿನ ಐದು ತಿಂಗಳು ಕಾಗದದ್ದೇ ಕೆಲಸ.

ಇಸಿ ವಿಷಯ ಹೇಳುತ್ತೇನೆ. ಆಸ್ತಿಯ ಮೇಲೆ ಮಾರಾಟ, ಅಡಮಾನ ಏನೇನು ರಿಜಿಸ್ಟರ್ ಆಗಿದೆ ಅಂತ ತೋರಿಸುವ ಋಣಭಾರ ಪತ್ರ ಅದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮನೆಯಲ್ಲಿ ಕೂತು ತೆಗೆಯಬಹುದು. ನಮಗೆ ಅದರಲ್ಲಿ ಫಾರಂ 16 ಬಂತು, ಅಂದರೆ ಯಾವ ವ್ಯವಹಾರವೂ ಇಲ್ಲ. ಕುಣಿದಾಡಿದೆ. ನಾನು ಹಿಡಿದ ವಕೀಲರು “ಇದು ಅರ್ಧ ಇಸಿ ಅಮ್ಮ, ಹಳೇದು ತನ್ನಿ” ಎಂದರು. 2004ಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಪುಸ್ತಕ ಹುಡುಕಿಸಬೇಕು. ಅದು ಬಂದಾಗ ಫಾರಂ 15. ಅದರಲ್ಲಿ ಒಂದೇ ಒಂದು ಸಾಲು: 1988, ಸಹಕಾರಿ ಸಂಘಕ್ಕೆ ಅಡಮಾನ.

ಅಪ್ಪ ಸಾಲ ತೀರಿಸಿ ಎಷ್ಟೋ ವರ್ಷವಾಗಿತ್ತು. 2001ರ ಕೊನೇ ಕಂತಿನ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದರು. ಸಾಲ ತೀರಿದ ದಿನ ಮನೆಯಲ್ಲಿ ಒಬ್ಬಟ್ಟು ಮಾಡಿದ್ದು ನನಗೆ ನೆನಪಿದೆ. ಆದರೆ ಅಡಮಾನ ಖುಲಾಸೆ ಪತ್ರ ರಿಜಿಸ್ಟರ್ ಮಾಡಿಸಿರಲಿಲ್ಲ. ಹಾಗಾಗಿ ಸರ್ಕಾರದ ಪುಸ್ತಕದಲ್ಲಿ ನಮ್ಮ ಮನೆ ಇಪ್ಪತ್ನಾಲ್ಕು ವರ್ಷ ಅಡವಿನಲ್ಲೇ ಇತ್ತು. ಸಂಘದಲ್ಲಿ ಆಗಿನವರು ಯಾರೂ ಇಲ್ಲ. ಹಳೇ ಲೆಡ್ಜರ್ ಹುಡುಕಿಸಿ, ಆಡಳಿತ ಮಂಡಳಿ ಸಭೆಯಲ್ಲಿ ಒಪ್ಪಿಸಿ, ಅವರ ಕಾರ್ಯದರ್ಶಿಯನ್ನು ಕರೆತಂದು ಖುಲಾಸೆ ಪತ್ರ ರಿಜಿಸ್ಟರ್ ಮಾಡಿಸಲು ಏಳು ವಾರ ಹಿಡಿಯಿತು. ನೀವು ಹೋಮ್‌ಲೋನ್ ತೀರಿಸಿದ್ದರೆ ಒಂದು ಸಲ ಇಸಿ ತೆಗೆದು ನೋಡಿ. ಮಾರುವ ಯೋಚನೆ ಇಲ್ಲದಿದ್ದರೂ ನೋಡಿ.

ಖಾತೆಯದು ಇನ್ನೂ ಉದ್ದ ಕಥೆ. ಖಾತಾ ಅಂದರೆ ಕಂದಾಯದ ಪುಸ್ತಕದಲ್ಲಿ ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ದಾಖಲೆ, ಇ-ಖಾತಾ ಅದರ ಡಿಜಿಟಲ್ ರೂಪ. 2024ರ ಅಕ್ಟೋಬರ್‌ನಿಂದ ಊರೊಳಗಿನ ಆಸ್ತಿಗೆ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಮೊದಲು ಅಪ್ಪನ ಹೆಸರಿಂದ ನಮ್ಮ ಮೂವರ ಹೆಸರಿಗೆ ಪೌತಿ ಖಾತೆ ಆಗಬೇಕು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅಫಿಡವಿಟ್, ಕಂದಾಯ ಕಟ್ಟಿದ ರಸೀದಿ, ಸೈಟಿನ ಹಂಚಿಕೆ ಪತ್ರ, ಟೈಟಲ್ ಡೀಡ್. ಎಲ್ಲ ಜೋಡಿಸಿದ ಮೇಲೆ ಎರಡು ತೊಡಕು ಕಾಣಿಸಿದವು. ಒಂದು, ಅಪ್ಪನ ಹೆಸರಿಗೆ ಟೈಟಲ್ ಡೀಡಿನಲ್ಲಿ ಎರಡು ಇನಿಷಿಯಲ್, ಮರಣ ಪತ್ರದಲ್ಲಿ ಮೂರು. ಇಬ್ಬರೂ ಒಬ್ಬರೇ ಅಂತ ಇನ್ನೊಂದು ಅಫಿಡವಿಟ್. ಎರಡು, ಕಂದಾಯದ ದಾಖಲೆಯಲ್ಲಿ ಮೇಲಿನ ಮನೆಯೇ ಇಲ್ಲ. 1997ರಲ್ಲಿ ಕಟ್ಟಿಸಿದಾಗ ಅಪ್ಪ ತಿಳಿಸಿರಲಿಲ್ಲವೋ, ತಿಳಿಸಿದ್ದು ಎಲ್ಲಿ ಹೋಯಿತೋ. ಅಳತೆ ಮಾಡಿಸಿ, ಬಾಕಿ ತೆರಿಗೆ ಕಟ್ಟಿ, ಮತ್ತೆ ಅರ್ಜಿ. ಇದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ಸಿಗುತ್ತೆ ಅಂತ ತಪ್ಪದೆ ಕಂದಾಯ ಕಟ್ಟಿದವಳು ನಾನೇ. ರಸೀದಿಯ ಮೇಲೆ ಎಷ್ಟು ಚದರಡಿ ಅಂತ ಬರೆದಿದೆ ಎಂದು ಒಂದು ಸಲವೂ ಓದಿರಲಿಲ್ಲ.

ಈ ನಡುವೆ ಕೆಳಗಿನ ಮನೆಯವರಿಗೆ ಮಾರುವ ವಿಷಯ ಹೇಳಿದೆ. ಮಕ್ಕಳ ಪರೀಕ್ಷೆ ಮುಗಿಯಲಿ ಎಂದರು, ಸರಿ ಎಂದೆ. ಬೋರ್ಡ್ ಇಲ್ಲದಿದ್ದರೂ ಜನ ಬಂದು ಮನೆ ನೋಡುವಾಗ ಅವರ ಭಾನುವಾರ ಹಾಳಾಗುತ್ತಲ್ವಾ, ಅದಕ್ಕೆ ಎರಡು ತಿಂಗಳು ಬಾಡಿಗೆಯಲ್ಲಿ 2,000 ಕಡಿಮೆ ಮಾಡಿದೆ. ಆ 4,000 ನಾನು ಖರ್ಚು ಮಾಡಿದ ಅತ್ಯುತ್ತಮ ದುಡ್ಡು. ಬಂದವರಿಗೆಲ್ಲ ಆಕೆ “ನೀರಿಗೆ ತೊಂದರೆಯೇ ಇಲ್ಲ ಕಣ್ರೀ” ಅಂತ ಹೇಳುತ್ತಿದ್ದರು. ನಾನು ಹೇಳಿದ್ದರೆ ಯಾರು ನಂಬುತ್ತಿದ್ದರು? ಮೇ ಕೊನೆಗೆ ಖಾಲಿ ಮಾಡಿದರು. ಲೆಕ್ಚರರ್ ದಂಪತಿ ಜುಲೈವರೆಗೆ ಇದ್ದರು.

ಬೆಲೆ ಎಷ್ಟು ಹೇಳೋದು? ಸರ್ಕಾರದ ಮಾರ್ಗಸೂಚಿ ದರ ಕಾವೇರಿಯಲ್ಲೇ ಕಾಣುತ್ತದೆ, ಅದು ಒಂದು ತಳ. ಜಾಲತಾಣಗಳಲ್ಲಿ ಹಾಕಿರುವುದು ಮಾರುವವರ ಆಸೆ, ನಡೆದ ವ್ಯಾಪಾರವಲ್ಲ. ನಾನು ಅಮ್ಮನನ್ನು ಕಳಿಸಿದೆ. ನಾಲ್ಕನೇ ಕ್ರಾಸಿನಲ್ಲಿ ಹಿಂದಿನ ವರ್ಷ ಮನೆ ಮಾರಿದವರು ಅಮ್ಮನ ಭಜನಾ ಮಂಡಳಿಯವರು. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಎಷ್ಟಕ್ಕೆ ಹೋಯಿತು, ಎಷ್ಟು ಹೇಳಿದ್ದರು, ಬ್ರೋಕರ್ ಎಷ್ಟು ತಗೊಂಡ, ಸೊಸೆ ಏನಂದಳು, ಎಲ್ಲ ಬಂತು. ಹಾಗೇ ಇನ್ನೆರಡು ಮನೆ ವಿಚಾರಿಸಿದೆವು. 1 ಕೋಟಿ 25 ಲಕ್ಷ ಹೇಳೋದು, 1 ಕೋಟಿ 10ಕ್ಕಿಂತ ಕೆಳಗೆ ಇಳಿಯೋದು ಬೇಡ ಅಂತ ಮೂವರೂ ತೀರ್ಮಾನಿಸಿ ಒಂದು ಚೀಟಿಯಲ್ಲಿ ಬರೆದುಕೊಂಡೆವು. ಮಾತುಕತೆಯ ಬಿಸಿಯಲ್ಲಿ ಒಬ್ಬರು ಜಾರಿದರೆ ಇನ್ನೊಬ್ಬರು ಚೀಟಿ ತೋರಿಸಬೇಕು, ಅದಕ್ಕೆ.

ಜೂನ್‌ನಲ್ಲಿ ಮತ್ತೆ ಬೋರ್ಡ್ ಕಟ್ಟಿದೆವು. ‘ಮೈಸೂರು ಮಿತ್ರ’ದಲ್ಲಿ ಎರಡು ಭಾನುವಾರ ವರ್ಗೀಕೃತ ಜಾಹೀರಾತು, ಎರಡು ಜಾಲತಾಣದಲ್ಲಿ ಫೋಟೊ. ಬಂದ ಫೋನಿನಲ್ಲಿ ಮುಕ್ಕಾಲು ಪಾಲು ಬ್ರೋಕರ್‌ಗಳದೇ. ಉಳಿದವರಲ್ಲಿ ಒಂದು ಜಾತಿ ಸುಮ್ನೆ ನೋಡಲು ಬರುವವರು. ಇನ್ನೊಂದು ಜಾತಿ “60 ವೈಟು, ಉಳಿದಿದ್ದು ಕ್ಯಾಶು” ಎನ್ನುವವರು. ಅಣ್ಣ ಒಂದು ಸಲ ಅರ್ಧ ಮನಸ್ಸು ಮಾಡಿದ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತ ದಂಡ ಬೀಳಬಹುದು ಎಂದು ನಮ್ಮ ಆಡಿಟರ್ ಹೇಳಿದ ಮೇಲೆ ಸುಮ್ಮನಾದ. ಟೋಕನ್ ಅಡ್ವಾನ್ಸ್ ಕೂಡ ನಾವು ಚೆಕ್ಕಿನಲ್ಲೇ ತಗೊಂಡಿದ್ದು.

ಕೊಂಡವರು ಸಿಕ್ಕಿದ್ದು ಬೋರ್ಡಿನಿಂದ. ಅದೇ ಬಡಾವಣೆಯಲ್ಲಿ ಬಾಡಿಗೆಗಿದ್ದ ದಂಪತಿ, ಸಂಜೆ ವಾಕಿಂಗ್ ಹೋಗುವಾಗ ನೋಡಿದ್ದರಂತೆ. ಎರಡನೇ ಸಲ ಬಂದಾಗ ಆಕೆಯ ತಂದೆಯನ್ನು ಕರೆತಂದರು. ನಿವೃತ್ತ ಇಂಜಿನಿಯರ್. ಚಪ್ಪಲಿ ಬಿಟ್ಟವರೇ ಕಾಫಿ ಬೇಡ ಎಂದರು, ಆಗಲೇ ನನಗೆ ಭಯವಾಯಿತು. ಟ್ಯಾಂಕ್ ಹತ್ತಿ ನೋಡಿದರು. ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದರು. ಹಿಂದಿನ ರೂಮಿನಲ್ಲಿ ನಿಂತು ಅಂಗೈ ಇಟ್ಟರು. “ಹೊಸ ಪೇಂಟು ಈ ಒಂದು ಗೋಡೆಗೆ ಮಾತ್ರ ಯಾಕಮ್ಮ?”

ಆ ಗೋಡೆಯ ಹಿಂದೆ ಮೇಲಿನ ಬಚ್ಚಲ ಪೈಪು. ಮಳೆಗಾಲದಲ್ಲಿ ತೇವ ಬರುತ್ತಿತ್ತು. ಪುಟ್ಟಿ ಬಳಿದು ಪೇಂಟ್ ಹೊಡೆಸಿದ್ದೆ. “ಹಾಗೇ ಬಿಡು, ಕೇಳಿದ್ರೆ ಹೇಳೋಣ” ಎಂದಿದ್ದರು ಅಮ್ಮ. ಅವರ ಮಾತು ನಾನು ಕೇಳಿರಲಿಲ್ಲ. ಈಗ ನಾಲಿಗೆ ಒಣಗಿತು. ಅಮ್ಮ ಕುರ್ಚಿಯಿಂದಲೇ “ಪೈಪು ಸೋರುತ್ತೆ ಸ್ವಾಮಿ, ಇವಳು ಮುಚ್ಚಿದ್ದಾಳೆ” ಎಂದುಬಿಟ್ಟರು. ಅವರು ನಕ್ಕರು. ಆಮೇಲೆ ಕಾಫಿ ಕುಡಿದರು. ಆ ಪೈಪಿಗೆ ಅಂತ 3 ಲಕ್ಷ ಕಡಿಮೆ ಮಾಡಿಸಿದ್ದೂ ಅವರೇ ಅನ್ನಿ. 1 ಕೋಟಿ 12 ಲಕ್ಷಕ್ಕೆ ಮಾತು ನಿಂತಿತು. ಪ್ಲಂಬರ್‌ನಿಂದ ಮೊದಲೇ ಸರಿ ಮಾಡಿಸಿದ್ದರೆ ಹದಿನೈದು ಸಾವಿರವೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಆಷಾಢ. ಅಗ್ರಿಮೆಂಟ್ ಮಾಡೋದು ಬೇಡ ಎಂದರು. ಶ್ರಾವಣದ ಮೊದಲ ವಾರ 10 ಲಕ್ಷ ಮುಂಗಡ, ಮೂರು ತಿಂಗಳ ಗಡುವಿನ ಕ್ರಯದ ಕರಾರು ಆಯಿತು. ಅವರ ಬ್ಯಾಂಕ್ ಸಾಲವೂ ಮಂಜೂರಾಯಿತು. ಆಗಸ್ಟ್‌ನಲ್ಲೇ ರಿಜಿಸ್ಟ್ರೇಷನ್ ಮುಗಿಸೋಣ ಎಂದು ಅವರಿಗೆ ಅವಸರ. ನಮ್ಮ ಇ-ಖಾತಾ ಬಂದಿರಲಿಲ್ಲ. ಇವತ್ತು ನಾಳೆ ಎನ್ನುತ್ತಾ ತಿಂಗಳು ಮುಗಿಯುವ ಹೊತ್ತಿಗೆ ಸರ್ಕಾರ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಿತು, 2025ರ ಆಗಸ್ಟ್ 31ರಿಂದಲೇ ಜಾರಿ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಶೇ. 6.6 ಇದ್ದದ್ದು ಶೇ. 7.6 ಆಯಿತು. ನಮ್ಮ ಮನೆಯ ಬೆಲೆಗೆ ಅದು 1,12,000 ರೂಪಾಯಿ ಹೆಚ್ಚು.

ಆ ರಾತ್ರಿ ಅವರ ಫೋನ್ ಬಂತು. ದನಿ ಏರಿಸಲಿಲ್ಲ. “ನಿಮ್ಮ ಕಾಗದ ರೆಡಿ ಇದ್ದಿದ್ರೆ ನಾವು ಇಷ್ಟು ಕಟ್ಟಬೇಕಾಗಿರಲಿಲ್ಲ, ಅಲ್ವಾ?” ನೋಂದಣಿ ಖರ್ಚು ಕೊಳ್ಳುವವರದು ಅಂತ ಕರಾರಿನಲ್ಲಿ ಸ್ಪಷ್ಟವಾಗಿ ಇತ್ತು. ಅಣ್ಣ ಅದನ್ನೇ ಹಿಡಿದುಕೊಂಡ. ನನಗೆ ಮಾತ್ರ ಅವರು ಹೇಳಿದ್ದು ಸರಿ ಅನ್ನಿಸಿತು. ಬ್ರೋಕರ್ ಇದ್ದಿದ್ದರೆ ನಡುವೆ ನಿಂತು ಇಬ್ಬರಿಗೂ ಒಂದಿಷ್ಟು ಹೇಳಿ ಮುಗಿಸುತ್ತಿದ್ದ. ಈಗ ಆ ಕೆಲಸವೂ ನನ್ನದೇ. ಎರಡು ದಿನ ಬಿಟ್ಟು ಅರ್ಧ ನಮ್ಮದು ಎಂದೆ. 56,000 ಕೊಟ್ಟೆವು. ಅಣ್ಣನ ಪಾಲಿನದೂ ಸದ್ಯಕ್ಕೆ ನಾನೇ ಕೊಟ್ಟೆ. ಇನ್ನೂ ಬಂದಿಲ್ಲ.

ಇ-ಖಾತಾ ಸೆಪ್ಟೆಂಬರ್ ಮಧ್ಯದಲ್ಲಿ ಬಂತು. ಆಗ ಪಿತೃಪಕ್ಷ. ಆಮೇಲೆ ದಸರಾ, ಮೈಸೂರಿನಲ್ಲಿ ಆ ದಿನಗಳಲ್ಲಿ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಆ ಬಿಡುವಿನಲ್ಲಿ ಟಿಡಿಎಸ್ ತಲೆನೋವು ಬಂತು. 50 ಲಕ್ಷ ಅಥವಾ ಅದಕ್ಕಿಂತ ಮೇಲ್ಪಟ್ಟ ಆಸ್ತಿಗೆ ಕೊಳ್ಳುವವರು ಶೇ. 1 ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಕೊಳ್ಳುವವರ ಕಡೆಯ ಆಡಿಟರ್, ಒಬ್ಬೊಬ್ಬರ ಪಾಲು 37 ಲಕ್ಷ ಚಿಲ್ಲರೆ, 50 ಮುಟ್ಟೋದಿಲ್ಲ, ಬೇಡ ಎಂದರಂತೆ. ಅದು ಹಳೇ ಮಾತು. 2024ರ ಅಕ್ಟೋಬರ್ 1ರಿಂದ ಎಲ್ಲರ ಪಾಲೂ ಸೇರಿಸಿದ ಮೊತ್ತವನ್ನೇ ನೋಡೋದು. ಕೊಳ್ಳುವವರು ಇಬ್ಬರು, ಮಾರುವವರು ಮೂವರು, ಅಂದರೆ ಒಬ್ಬೊಬ್ಬ ಜೋಡಿಗೆ ಒಂದರಂತೆ ಆರು 26ಕ್ಯೂಬಿ ಫಾರಂ. ಅಮ್ಮನ ಪಾನ್ ಹಾಕಿದರೆ ‘ನಿಷ್ಕ್ರಿಯ’ ಅಂತ ಬಂತು. ಆಧಾರ್ ಜೋಡಿಸಿರಲೇ ಇಲ್ಲ. ಹಾಗೇ ಬಿಟ್ಟಿದ್ದರೆ ಅವರ ಪಾಲಿಗೆ ಶೇ. 1ರ ಬದಲು ಶೇ. 20 ಹಿಡಿಯಬೇಕಿತ್ತು, ಏಳು ಲಕ್ಷದ ಮೇಲೆ. 1,000 ರೂಪಾಯಿ ದಂಡ ಕಟ್ಟಿ ಜೋಡಿಸಿದೆವು. ಮನೆಯಲ್ಲಿ ವಯಸ್ಸಾದವರ ಪಾನ್ ಇದ್ದರೆ ಈಗಲೇ ನೋಡಿಬಿಡಿ.

ಅಕ್ಟೋಬರ್‌ನಲ್ಲಿ ರಿಜಿಸ್ಟ್ರೇಷನ್. ಈಗ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಮಾಡಿಸಬಹುದು. ಮೆಟ್ಟಿಲು ಇಲ್ಲದ ಕಚೇರಿ ಯಾವುದು ಅಂತ ಹುಡುಕಿ ಅಮ್ಮನ ಮಂಡಿಗೋಸ್ಕರ ಅಲ್ಲೇ ಸ್ಲಾಟ್ ತಗೊಂಡೆ. ಬ್ಯಾಂಕಿನವರು ಮೂರು ಡಿಡಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಡಿಡಿಗಳ ನಕಲನ್ನು ಹಿಂದಿನ ದಿನವೇ ತರಿಸಿಕೊಂಡು ಹೆಸರಿನ ಅಕ್ಷರ ಅಕ್ಷರ ನೋಡಿದ್ದೆ. ಫೋಟೊ ಆಯಿತು. ಹೆಬ್ಬೆಟ್ಟಿನ ಸರದಿ ಬಂದಾಗ ಅಮ್ಮನ ಬೆರಳು ಯಂತ್ರಕ್ಕೆ ಹತ್ತಲೇ ಇಲ್ಲ. ಸೆರಗಿನಲ್ಲಿ ಒರೆಸಿಕೊಂಡರು, ಮತ್ತೆ ಇಟ್ಟರು. ಇಲ್ಲ. ಆಪರೇಟರ್ ಹುಡುಗ ಒದ್ದೆ ಬಟ್ಟೆ ಕೊಟ್ಟ. “ಪಾತ್ರೆ ಉಜ್ಜಿ ಉಜ್ಜಿ ಸವೆದೋಗಿದೆ ಕಣಪ್ಪ” ಎಂದರು ಅಮ್ಮ. “ನಮ್ಮಜ್ಜಿದೂ ಹೀಗೇ” ಎಂದ ಅವನು. ಆರನೇ ಸಲಕ್ಕೆ ಹತ್ತಿತು.

ಮಾರಿ ಬಂದ ಲಾಭದ ಮೇಲಿನ ತೆರಿಗೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದು ಆಡಿಟರ್ ಕೆಲಸ. 2001ಕ್ಕಿಂತ ಹಿಂದಿನ ಆಸ್ತಿಯಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲ ಬೆಲೆ ಎಂದು ಹಿಡಿಯಬಹುದು. ಮೌಲ್ಯಮಾಪಕರು 9 ಲಕ್ಷ ಎಂದರು. ಹಣದುಬ್ಬರ ಸೂಚ್ಯಂಕ ಹಚ್ಚಿ ಶೇ. 20 ಕಟ್ಟೋದಾ, ಹಚ್ಚದೆ ಶೇ. 12.5 ಕಟ್ಟೋದಾ ಅಂತ ಲೆಕ್ಕ ಹಾಕಿದರು. ಮೊದಲನೆಯದಕ್ಕೆ 15 ಲಕ್ಷದ ಮೇಲೆ, ಎರಡನೆಯದಕ್ಕೆ 13 ಲಕ್ಷದ ಒಳಗೆ. ಸೂಚ್ಯಂಕ ಹಚ್ಚಿದರೇ ಲಾಭ ಅಂತ ಕಣ್ಣು ಮುಚ್ಚಿ ನಂಬಿಕೊಂಡಿದ್ದೆ. ಅಮ್ಮ ತಮ್ಮ ಲಾಭವನ್ನು ಆರು ತಿಂಗಳೊಳಗೆ ಸರ್ಕಾರಿ ಕಂಪನಿ ಆರ್‌ಇಸಿಯ ಬಾಂಡಿಗೆ ಹಾಕಿ ತೆರಿಗೆ ಉಳಿಸಿದರು. ಐದು ವರ್ಷ ಮುಟ್ಟುವ ಹಾಗಿಲ್ಲ. ಅಣ್ಣ ಹಳೇ ಹೋಮ್‌ಲೋನ್ ತೀರಿಸಿ ತೆರಿಗೆ ವಿನಾಯಿತಿ ಕೇಳಿದ. ಹಳೇ ಸಾಲ ತೀರಿಸಿದರೆ ಅದು ಸಿಗುವುದಿಲ್ಲ, ಬಾಂಡು ಬೇಡವೆಂದರೆ ಹೊಸ ಮನೆ ಕೊಳ್ಳಬೇಕು ಅಥವಾ ಕಟ್ಟಿಸಬೇಕು.

ಬ್ರೋಕರ್‌ಗೆ ಶೇ. 2 ಕೊಟ್ಟಿದ್ದರೆ 2,24,000 ಆಗುತ್ತಿತ್ತು. ವಕೀಲರಿಗೆ 15,000, ಜಾಹೀರಾತು ಮತ್ತು ಬೋರ್ಡಿಗೆ 5,000 ಚಿಲ್ಲರೆ, ಆ 56,000, ಇಪ್ಪತ್ಮೂರು ಸಲ ಮೈಸೂರಿಗೆ ರೈಲು, ಆಟೊ. ಸುಮಾರು ಒಂದೂ ಕಾಲು ಲಕ್ಷ ಉಳಿಯಿತು ಅನ್ನಿ. ಅದೇ ಊರಿನಲ್ಲಿ ಇರುವವರಾದರೆ ಇನ್ನೂ ಚೆನ್ನಾಗಿ ಉಳಿಯುತ್ತದೆ. ದೂರದವರು, ಫೋನ್ ಎತ್ತಲು ಪುರುಸೊತ್ತಿಲ್ಲದವರು ಬ್ರೋಕರ್‌ಗೆ ಕೊಡೋದೇ ಮೇಲು ಅಂತ ನಾನು ಹೇಳುತ್ತೇನೆ. ವಕೀಲರ 15,000 ಮಾತ್ರ ಯಾರೂ ಉಳಿಸಲು ಹೋಗಬೇಡಿ.

ಕರೆಂಟ್ ಮೀಟರ್ ಇನ್ನೂ ಮನೆ ಕೊಂಡವರ ಹೆಸರಿಗೆ ಆಗಿಲ್ಲ. ಬಿಲ್ಲಿನ ಮೆಸೇಜು ನನ್ನ ಮೊಬೈಲಿಗೇ ಬರುತ್ತದೆ, ನಾನು ಅವರಿಗೆ ಕಳಿಸುತ್ತೇನೆ. ಕಳೆದ ಭಾನುವಾರ ಅವರೇ ಫೋನ್ ಮಾಡಿದರು. ಹಿಂದಿನ ರೂಮಿನ ಪೈಪು ಬದಲಾಯಿಸುತ್ತಿದ್ದಾರಂತೆ. ಬೀದಿಯಿಂದ ಬರುವ ನೀರು ನಿಲ್ಲಿಸಬೇಕು, ವಾಲ್ವ್ ಎಲ್ಲಿದೆ ಅಂತ ಪ್ಲಂಬರ್‌ಗೂ ಸಿಗುತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಅಮ್ಮ ಫೋನ್ ಕಿತ್ತುಕೊಂಡರು.

“ಗೇಟಿನ ಎಡಗಡೆ ನಿಂತ್ಕೊಳ್ಳಿ. ಕಾಂಪೌಂಡಿಂದ ಎರಡನೇ ಚಪ್ಪಡಿ ಎತ್ತಿ ನೋಡಿ. ಹುಷಾರು, ಅಲ್ಲಿ ಚೇಳು ಇರುತ್ತೆ.”